ಪ್ರಾರ್ಥನೆ ಬಾರದ ದಿನಗಳು

ಮುಂಬಯಿಯ ನಮ್ಮ ಕನ್ನಡ ಸಭೆಯಲ್ಲಿ ರವಿವಾರದ ಆರಾಧನೆ ಮುಗಿದ ಮೇಲೆ ಮೆಟ್ಟಿಲ ಬಳಿ ನಿಂತು ಚಹಾ ಕುಡಿಯುವುದು ಹಳೆಯ ರೂಢಿ. ಊರ ಸುದ್ದಿ, ಲಗ್ನದ ಮಾತು, ಹುಬ್ಬಳ್ಳಿ ಗಾಡಿಯ ರಿಜರ್ವೇಶನ್, ಎಲ್ಲವೂ ಅಲ್ಲಿಯೇ ಇತ್ಯರ್ಥವಾಗುತ್ತವೆ. ಹೋದ ವರ್ಷ ಮಳೆಗಾಲದ ಒಂದು ರವಿವಾರ ಅಲ್ಲಿ ಒಬ್ಬ ಹುಡುಗ ನನ್ನನ್ನು ಪಕ್ಕಕ್ಕೆ ಕರೆದ. ಇಪ್ಪತ್ತಮೂರು ವರ್ಷ. ಇಲ್ಲಿಯೇ ಹುಟ್ಟಿ ಬೆಳೆದವ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್.

"ಕಾಕಾ, ಒಂದು ಮಾತು ಕೇಳ್ಲಿ? ಆರು ತಿಂಗಳಾತು, ನನಗ ಪ್ರಾರ್ಥನಾ ಮಾಡ್ಲಿಕ್ಕೆ ಆಗವಲ್ತು. ಕಣ್ಣು ಮುಚ್ಚಿದ್ರ ಆಫೀಸ್ ನೆನಪಾಗತದ. ನಾ ಇನ್ನೂ ಕ್ರಿಶ್ಚನ್ ಇದ್ದೇನೋ ಇಲ್ಲೋ?"

ರಾತ್ರಿ ಪಾಳಿಯ ಕೆಲಸ. ಮನೆ ಸಾಲದ ಕಂತು ಅವನ ಪಗಾರದಿಂದಲೇ ಹೋಗಬೇಕು. ಬೇರೆ ನೌಕರಿಗಾಗಿ ಕೊಟ್ಟ ಎರಡು ಇಂಟರ್‌ವ್ಯೂಗಳೂ ಕೈಕೊಟ್ಟಿದ್ದವು. ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ಗೊತ್ತಿಲ್ಲದ್ದನ್ನು ಅವನು ಕೊನೆಗೆ ಹೇಳಿದ. "ಮುಂಜಾನೆ ಬಂದ ಕೂಡಲೆ ಅವ್ವನ ಮ್ಯಾಲೆ ಒದರಾಡ್ತೇನಿ. ಅದೇ ಬಾಯಿಲೆ ಹೆಂಗ ಪ್ರಾರ್ಥನಾ ಮಾಡ್ಲಿ?"

ನಾನು ಏನು ಹೇಳಿದೆ ಗೊತ್ತೇ? "ಸತ್ಯವೇದ ಓದಪಾ, ಎಲ್ಲಾ ಸರಿ ಆಗತದ" ಎಂದುಬಿಟ್ಟೆ. ಹುಡುಗ ತಲೆಯಾಡಿಸಿ ಕಪ್ಪು ಇಟ್ಟು ಹೋದ. ಲೋಕಲ್ ಗಾಡಿಯಲ್ಲಿ ಮನೆಗೆ ಬರುವಾಗ ನನಗೆ ನಾಚಿಕೆಯಾಯಿತು. ಅದು ಉತ್ತರವಾಗಿರಲಿಲ್ಲ, ಜಾರಿಕೊಳ್ಳುವ ಮಾತಾಗಿತ್ತು. ಆ ದಿನ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯಲು ಪ್ರಯತ್ನಿಸುತ್ತಿದ್ದೇನೆ. ಈ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ ಎಂಬುದು ಗೊತ್ತು. ಆದರೆ ನಂಬಿಕೆ ಒಣಗುವ ದಿನಗಳು ಎಲ್ಲರ ಮನೆಗೂ ಬರುತ್ತವೆ. ನನಗೆ ಗೊತ್ತಿರುವುದು ನನ್ನ ಮನೆಯ ಕಥೆ. ಅದನ್ನೇ ಹೇಳುತ್ತೇನೆ.

ಮೊದಲು ನಾನು ಓದು ಎಂದು ಹೇಳಿದ ಆ ಸತ್ಯವೇದದ ಮಾತು. ನಿಮ್ಮಲ್ಲಿ ಅನೇಕರು ಅದನ್ನು ಅಜ್ಜಿಯ ಬಾಯಿಂದ ಕೇಳಿದವರು. ಕನ್ನಡದಲ್ಲಿ ಓದಲು ಹೋದರೆ ಒತ್ತಕ್ಷರಗಳು ಅಡ್ಡ ಬರುತ್ತವೆ, ಇಂಗ್ಲಿಷಿನಲ್ಲಿ ಓದಿದರೆ ಅಜ್ಜಿಯ ದನಿ ಕೇಳುವುದಿಲ್ಲ. ಆ ಕಷ್ಟ ಹಾಗಿರಲಿ. ಅದರ ಕೀರ್ತನೆಗಳ ಭಾಗದಲ್ಲಿ 150 ಕೀರ್ತನೆಗಳಿವೆ. ಸ್ತುತಿಯಷ್ಟೇ ಅಲ್ಲಿದೆ ಎಂದು ನಾವು ತಿಳಿದಿರುತ್ತೇವೆ. ಕೂತು ಓದಿದರೆ ದೂರುಗಳೇ ಬೇಕಾದಷ್ಟು ಸಿಗುತ್ತವೆ: ದೇವರೇ, ಎಲ್ಲಿ ಹೋದೆ, ಎಷ್ಟು ದಿನ ಸುಮ್ಮನಿರುತ್ತೀ ಎಂಬ ತಕರಾರುಗಳು. ಅವುಗಳಲ್ಲಿ ಬಹಳಷ್ಟು ಕೊನೆಗೆ ಹೇಗೋ ಸಮಾಧಾನಕ್ಕೆ ಬಂದು ನಿಲ್ಲುತ್ತವೆ. 88ನೆಯದು ಮಾತ್ರ ಹಾಗಲ್ಲ. ಕತ್ತಲೆಯಲ್ಲೇ ಮುಗಿದುಬಿಡುತ್ತದೆ. ನಮ್ಮ ಸಭಾಪಾಲಕರು ಯಾರೂ ಅದರ ಮೇಲೆ ಪ್ರಸಂಗ ಮಾಡಿದ್ದು ನನಗೆ ನೆನಪಿಲ್ಲ, ಅವರನ್ನು ದೂರುವುದೂ ಇಲ್ಲ. ಆದರೆ ಕೀರ್ತನೆಗಳನ್ನು ಕೂಡಿಸಿದ ಹಿರಿಯರು ಅದನ್ನು ಕಿತ್ತು ಹಾಕಲಿಲ್ಲ ಎಂಬುದನ್ನು ಗಮನಿಸಿ. ಅಂದರೆ ತಕರಾರು ಹೇಳುವುದೂ ಪ್ರಾರ್ಥನೆಯೇ ಎಂದು ಅವರು ಒಪ್ಪಿಕೊಂಡಿದ್ದರು.

ಎಲೀಯನ ಕಥೆಯೂ ಇದೆ. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಜಯ ಗಳಿಸಿದ ಪ್ರವಾದಿ, ರಾಣಿಯ ಬೆದರಿಕೆಗೆ ಅಂಜಿ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಮಲಗಿ, ಸಾಕು ನನ್ನ ಜೀವ ತೆಗೆದುಕೋ ಎಂದು ಕೇಳುತ್ತಾನೆ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಎಲೀಯ ಉಂಡು ಮತ್ತೆ ನಿದ್ದೆಹೋದ. ದೂತ ಮತ್ತೆ ಬಂದು ಎಬ್ಬಿಸಿ, ಇನ್ನೂ ಉಣ್ಣು ಎಂದ. ರಾತ್ರಿ ಪಾಳಿ ಮಾಡುವವರಿಗೆ ಈ ಕಥೆ ಚೆನ್ನಾಗಿ ತಿಳಿಯಬೇಕು. ನಿದ್ದೆ ಕೆಟ್ಟವನ ಪ್ರಾರ್ಥನೆ ಬತ್ತಿದರೆ ಅದಕ್ಕೆ ಪಾಪವೇ ಕಾರಣ ಎನ್ನಬೇಕಾಗಿಲ್ಲ. ಇಲ್ಲಿಯೇ ಇನ್ನೊಂದು ಮಾತು. ಮನಸ್ಸಿನ ಭಾರ ವಾರಗಟ್ಟಲೆ ಇಳಿಯದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ತಡಮಾಡದೆ ಮನೆಯವರಿಗೆ ಹೇಳಿ ಡಾಕ್ಟರರ ಬಳಿ ಹೋಗಿ. ಅದು ಅಪನಂಬಿಕೆ ಅಲ್ಲ.

ಅವ್ವನ ಮೇಲೆ ಒದರಾಡಿದ ಬಾಯಿಯ ವಿಷಯಕ್ಕೆ ನನಗೆ ನೆನಪಾಗುವವನು ಪೇತ್ರ. ಯೇಸುಸ್ವಾಮಿಯನ್ನು ಹಿಡಿದೊಯ್ದ ರಾತ್ರಿ, ಅಂಗಳದಲ್ಲಿ ಇದ್ದಲಿ ಬೆಂಕಿ ಕಾಯಿಸಿಕೊಳ್ಳುತ್ತ, ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎಂದು ಮೂರು ಸಲ ಹೇಳಿದವ. ಮುಂದೆ ಪುನರುತ್ಥಾನವಾದ ಮೇಲೆ ಕೆರೆಯ ದಂಡೆಯಲ್ಲಿ ಸ್ವಾಮಿ ಅವನನ್ನು ಕಂಡಾಗ ಅಲ್ಲಿಯೂ ಇದ್ದಲಿ ಬೆಂಕಿಯೇ ಇತ್ತು, ಅದರ ಮೇಲೆ ಮೀನು. ಯೋಹಾನನ ಸುವಾರ್ತೆ ಎರಡೂ ಕಡೆ ಅದೇ ಬೆಂಕಿಯನ್ನು ತೋರಿಸುತ್ತದೆ. ಮೊದಲು ಬಂದು ಉಣ್ಣು ಎಂಬ ಕರೆ, ಪ್ರಶ್ನೆ ಆಮೇಲೆ. ಸುಳ್ಳಾಡಿದ ಅದೇ ಬಾಯಿಂದ ಪೇತ್ರ ಉತ್ತರ ಕೊಟ್ಟ. ಅವನಿಗೂ ಬೇರೆ ಬಾಯಿ ಇರಲಿಲ್ಲವಲ್ಲ!

ಈಗ ನಮ್ಮ ಮನೆಯ ಕಥೆ. ಅಪ್ಪ ಬೆಟಗೇರಿಯವರು. ಮಗ್ಗದ ಊರು ಅದು. ಬಾಸೆಲ್ ಮಿಷನ್ನಿನವರು 1841ರಿಂದಲೇ ಅಲ್ಲಿ ನೆಲೆಯೂರಿದ್ದರು. ಅಲ್ಲಿಂದ ಮುಂಬಯಿಗೆ ಬಂದು ಲಾಲಬಾಗ ಕಡೆಯ ಒಂದು ಗಿರಣಿ ಸೇರಿದರು. ದಿನಾ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ. ಅಪ್ಪ ಸತ್ಯವೇದ ಓದುವುದು, ನಾವು ಚಾಪೆಯ ಮೇಲೆ ತೂಕಡಿಸುತ್ತ ಕೇಳುವುದು. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಒಲೆಯ ಪ್ರಶ್ನೆ ಅದು. ಒಂದೆರಡು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಂಡೆವು. ಮುಗಿಯಲಿಲ್ಲ. ಅವ್ವ ಮೊದಲು ಬಳೆ ಮಾರಿದಳು, ಆಮೇಲೆ ಜಂಪರು ಹೊಲಿಯಲು ಕೂತಳು.

ಒಂದು ರಾತ್ರಿ ಅಪ್ಪ ಪುಸ್ತಕ ತೆರೆದು, ಸ್ವಲ್ಪ ಹೊತ್ತು ಹಾಗೆಯೇ ನೋಡುತ್ತ ಕೂತು, ಮುಚ್ಚಿಬಿಟ್ಟರು. "ಇನ್ನ ನನ್ನ ಕೈಲೆ ಆಗೂದಿಲ್ಲ" ಎಂದರು. ಅಷ್ಟೇ. ನಾವು ಮಕ್ಕಳು ಅಂಜಿ ಅವ್ವನ ಮುಖ ನೋಡಿದೆವು. ಅವ್ವ ಕೈಯೊರಸಿಕೊಂಡು ಬಂದು, "ಇರಲಿ, ಇವತ್ತು ನಾ ಓದ್ತೇನಿ" ಎಂದಳು. ಅವಳು ಕಲಿತಿದ್ದು ನಾಲ್ಕನೆಯ ಇಯತ್ತೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವಳು, ವಂಶಾವಳಿ ಬಂದರೆ ಹಾಳೆ ಹಾರಿಸುವಳು. ಆ ಒಂದು ರಾತ್ರಿ ಎಂಟು ತಿಂಗಳಾಯಿತು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಕೇಳುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಒಂದು ಸಲವೂ ಅವ್ವ ಅವರನ್ನು ಓದಿರೆಂದು ಒತ್ತಾಯಿಸಲಿಲ್ಲ, ನಂಬಿಕೆ ಎಲ್ಲಿ ಹೋಯಿತೆಂದು ಚುಚ್ಚಲಿಲ್ಲ.

ದಾನಿಯೇಲನ ಪುಸ್ತಕ ಓದುತ್ತಿದ್ದ ದಿನ ಬಾಬೆಲಿನ ಅರಸನ ಹೆಸರು ಬಂತು. ಅವ್ವ ನೆಬೂ ಎಂದು ನಿಂತಳು. ಮತ್ತೆ ನೆಬೂಕ ಎಂದಳು. ನಮಗೆ ನಗು ತಡೆಯಲಾಗಲಿಲ್ಲ. ಆಗ ಗೋಡೆಯ ಕಡೆಯಿಂದ ಒಂದು ದನಿ ಬಂತು: "ನೆಬೂಕದ್ನೆಚ್ಚರ." ಅವ್ವ ಏನೂ ಆಗದವಳ ಹಾಗೆ "ಹೂಂ, ಅವನೇ" ಎಂದು ಮುಂದೆ ಓದಿದಳು. ಮರುದಿನ ಅಪ್ಪ ಓದಲು ಶುರುಮಾಡಿದರು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಹಾಗಾಗಲಿಲ್ಲ. ಇನ್ನೂ ಬಹಳ ದಿನ ಹಿಡಿಯಿತು. ಅವರ ಗಿರಣಿ ಮತ್ತೆ ತೆರೆಯಲೇ ಇಲ್ಲ. ಒಂದು ಸೊಸಾಯಿಟಿಯಲ್ಲಿ ವಾಚ್‌ಮನ್ ಆಗಿ ದುಡಿದು ನಮ್ಮನ್ನು ಓದಿಸಿದರು. ಪುಸ್ತಕ ಮಾತ್ರ ಮತ್ತೆ ಅವರ ಕೈಗೆ ಬಂತು.

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಬಾಗಿಲಲ್ಲಿ ಗದ್ದಲ, ಒಳಗೆ ಹೋಗಲು ದಾರಿಯಿಲ್ಲ. ಮಾಳಿಗೆ ಹತ್ತಿ, ಅದನ್ನೇ ಬಿಚ್ಚಿ, ಹಾಸಿಗೆ ಸಮೇತ ಇಳಿಸುತ್ತಾರೆ. ಸ್ವಾಮಿ ನೋಡಿದ್ದು ಅವರ ನಂಬಿಕೆಯನ್ನು ಎಂದು ಅಲ್ಲಿ ಬರೆದಿದೆ. ಮಲಗಿದ್ದವನಿಗೆ ಎಷ್ಟು ನಂಬಿಕೆಯಿತ್ತೆಂದು ಯಾರೂ ಅಳೆದಂತಿಲ್ಲ. ಈ ಕಥೆ ಓದಿದಾಗಲೆಲ್ಲ ನನಗೆ ನಮ್ಮ ಖೋಲಿಯ ಗೋಡೆಯೂ ಅವ್ವನ ತೊದಲು ಓದೂ ಕಣ್ಣಮುಂದೆ ಬರುತ್ತವೆ. ಆ ಎಂಟು ತಿಂಗಳು ಅಪ್ಪನ ಹಾಸಿಗೆಯನ್ನು ಹೊತ್ತವಳು ಅವಳು.

ಹೀಗೆ ಒಬ್ಬರ ಕೈ ಸೋತಾಗ ಇನ್ನೊಬ್ಬರು ಹಿಡಿದ ಕೆಲಸ ಬೇರೆ ಕಡೆಯೂ ಇದೆ, ಅದೂ ನಿಮಗೆ ಗೊತ್ತಿರುವ ಪುಸ್ತಕದಲ್ಲೇ. ಕನ್ನಡ ಸಂಘಗಳ ಕಪಾಟಿನಲ್ಲಿ ಕಾಣಸಿಗುವ ಕಿಟ್ಟೆಲ್ ನಿಘಂಟಿನ ಮಾತು ಹೇಳುತ್ತಿದ್ದೇನೆ. ಫರ್ಡಿನಂಡ್ ಕಿಟ್ಟೆಲ್ ಹೆಸರು ಕೇಳದ ಕನ್ನಡಿಗರಿಲ್ಲ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೂ ಇದೆ. ಆದರೆ ಅವರು ನಿಘಂಟು ಮಾಡಲು ಇಲ್ಲಿಗೆ ಬಂದವರಲ್ಲ. 1853ರಲ್ಲಿ, 21ರ ಹರೆಯದಲ್ಲಿ, ಸುವಾರ್ತೆ ಸಾರುತ್ತೇನೆಂದು ಜರ್ಮನಿಯಿಂದ ಹೊರಟು ಬಂದ ಪಾದ್ರಿಯ ಮಗ ಅವರು. ಇಲ್ಲಿಯವರ ಹಾಗೆಯೇ ಬದುಕಬೇಕು, ಇಲ್ಲಿಯ ಹಾಡು, ರೀತಿ ಕಲಿಯಬೇಕು ಎಂಬ ಹುಮ್ಮಸ್ಸು. ಅದು ಜೊತೆಯ ಮಿಷನರಿಗಳಿಗೆ ಹಿಡಿಸಲಿಲ್ಲ. ಸಂಸ್ಥೆಯ ಅಂಚಿಗೆ ತಳ್ಳಿದರು. ಬೋಧಕನಾಗಿ ಹೇಳಿಕೊಳ್ಳುವಂಥ ಯಶಸ್ಸೂ ಬರಲಿಲ್ಲ. ಮೊದಲ ಹೆಂಡತಿ ಬೇಗ ತೀರಿಕೊಂಡರು. ಆ ಕಾಲದ ಮಿಷನರಿಗಳು ನಮ್ಮ ನಾಡಿನ ಧರ್ಮಗಳ ಬಗ್ಗೆ ಬರೆದದ್ದನ್ನೆಲ್ಲ ಇಂದು ಒಪ್ಪಬೇಕಾಗಿಲ್ಲ, ನಾನೂ ಒಪ್ಪುವುದಿಲ್ಲ. ನಾನು ನೋಡುತ್ತಿರುವುದು, ಬಂದ ಕೆಲಸ ಕೈಗೂಡದಿದ್ದಾಗ ಆ ಮನುಷ್ಯ ಏನು ಮಾಡಿದ ಎಂಬುದನ್ನು.

ಕಿಟ್ಟೆಲ್ ಹುಟ್ಟಿದ 1832ರಲ್ಲೇ ವಿಲಿಯಂ ರೀವ್ ಅವರ ಕನ್ನಡ ನಿಘಂಟು ಮದ್ರಾಸಿನಲ್ಲಿ ಅಚ್ಚಾಗಿತ್ತು. ಆಮೇಲೆ ವೈಗ್ಲೆ ಎಂಬ ಬಾಸೆಲ್ ಮಿಷನ್ ಪಾದ್ರಿ ಕನ್ನಡ ನಿಘಂಟಿನ ಕೆಲಸಕ್ಕೆ ಕೈಹಾಕಿ, ಅದು ಮುಗಿಯುವ ಮೊದಲೇ 1855ರಲ್ಲಿ ತೀರಿಕೊಂಡರು. ಆ ಕೆಲಸ ಮುಂದೆ ಕಿಟ್ಟೆಲ್ ಪಾಲಿಗೆ ಬಂತು. ಹಳಗನ್ನಡ ಕಾವ್ಯ ಓದಿ, ಪಂಡಿತರನ್ನು ಕೇಳಿ, ಜನರ ಬಾಯಿಂದ ಕೇಳಿ ಒಂದೊಂದೇ ಪದ ಕೂಡಿಸಿದರು. ಆರೋಗ್ಯ ಕೆಟ್ಟು ಜರ್ಮನಿಗೆ ಹೋದವರು ಈ ಕೆಲಸಕ್ಕಾಗಿಯೇ ಮತ್ತೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಪದಗಳ ನಿಘಂಟು ಹೊರಬಂದಾಗ ಅವರಿಗೆ 62 ವರ್ಷ. 1903ರಲ್ಲಿ, ಅವರ ಕನ್ನಡ ವ್ಯಾಕರಣ ಅಚ್ಚಾದ ವರ್ಷವೇ, ತೀರಿಕೊಂಡರು. ಮುಂದೆ 1968ರಿಂದ 71ರ ವರೆಗೆ ಎಂ. ಮರಿಯಪ್ಪ ಭಟ್ಟರು ಅದನ್ನು ತಿದ್ದಿ ಬೆಳೆಸಿ ನಾಲ್ಕು ಸಂಪುಟಗಳಾಗಿ ತಂದರು. ಹೊರತಂದದ್ದು ಮದ್ರಾಸು ವಿಶ್ವವಿದ್ಯಾಲಯ. ಮುಂಬಯಿ, ಮದ್ರಾಸಿನ ಕನ್ನಡಿಗರಾದ ನಾವು ಸ್ವಲ್ಪ ಹೆಮ್ಮೆಪಟ್ಟರೆ ತಪ್ಪಿಲ್ಲ. ರೀವ್, ವೈಗ್ಲೆ, ಕಿಟ್ಟೆಲ್, ಮರಿಯಪ್ಪ ಭಟ್ಟ. ಯಾರೊಬ್ಬರ ಆಯುಷ್ಯದಲ್ಲೂ ಮುಗಿಯುವ ಕೆಲಸ ಅದಾಗಿರಲಿಲ್ಲ.

ಕೋಲ್ಕತ್ತೆಯ ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದಾಗ ಜಗತ್ತು ಬೆಚ್ಚಿತು. ದೇವರು ಇದ್ದಾನೆಂದೇ ಅನ್ನಿಸದ ಕತ್ತಲೆಯನ್ನು ಅವರು ದಶಕಗಳ ಕಾಲ ಅನುಭವಿಸಿದ್ದರು. ಹಾಗಾದರೆ ಆ ಮುಗುಳ್ನಗೆ ನಾಟಕವೇ ಎಂದು ಕೆಲವರು ಕೇಳಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ಅಂಥ ದಿನಗಳಲ್ಲೂ ಬೆಳಗಿನ ಆರಾಧನೆಗೆ ಎದ್ದು ಹೋಗುತ್ತಿದ್ದರು, ರೋಗಿಗಳ ಗಾಯ ತೊಳೆಯುತ್ತಿದ್ದರು. ಇನ್ನೂ ಒಂದು ವಿಷಯವಿದೆ. ತಮ್ಮ ಕತ್ತಲೆಯನ್ನು ಊರಿಗೆಲ್ಲ ಹೇಳದಿದ್ದರೂ ನಂಬಿಕೆಯ ಕೆಲವು ಗುರುಗಳಿಗೆ ಬರೆದು ತಿಳಿಸಿದ್ದರು. ಅಷ್ಟು ದೊಡ್ಡವರೂ ಅದನ್ನು ಪೂರ್ತಿ ಒಬ್ಬರೇ ಹೊತ್ತುಕೊಳ್ಳಲಿಲ್ಲ.

ಇದನ್ನೆಲ್ಲ ಯೋಚಿಸಿದ ಮೇಲೆ ಆ ಹುಡುಗನಿಗೆ ಫೋನು ಮಾಡಿದೆ. ಉದ್ದದ ಮಾತು ಆಡಲಿಲ್ಲ. ಅಂದು ಮೆಟ್ಟಿಲ ಬಳಿ ಹಾರಿಕೆಯ ಉತ್ತರ ಕೊಟ್ಟೆ, ತಪ್ಪಾಯಿತು ಎಂದೆ. ನೆಬೂಕದ್ನೆಚ್ಚರನ ಕಥೆ ಹೇಳಿದೆ. "ನಿನ್ನ ಪಾಲಿನ ಪ್ರಾರ್ಥನಾ ಈ ತಿಂಗಳು ನಾ ಮಾಡ್ತೇನಿ. ನೀ ಅವ್ವಗ ಒಂದು ಕಪ್ ಚಹಾ ಮಾಡಿ ಕೊಡು, ಸಾಕು" ಎಂದೆ. ಅವನು ನಕ್ಕ. "ನನಗ ಚಹಾ ಮಾಡ್ಲಿಕ್ಕೆ ಬರೂದಿಲ್ಲ ಕಾಕಾ" ಎಂದ. ಕಲಿ ಎಂದೆ.

ಆ ವರ್ಷದ ಸುಗ್ಗಿ ಹಬ್ಬಕ್ಕೆ ಅವನು ತಡವಾಗಿ ಬಂದು ಹಿಂದಿನ ಸಾಲಿನಲ್ಲಿ ಕೂತ. ಪಾಳಿ ಮುಗಿಸಿ ನೇರ ಬಂದಿರಬೇಕು, ಕಣ್ಣು ಕೆಂಪಾಗಿತ್ತು. ಸುಗ್ಗಿ ಹಬ್ಬದಲ್ಲಿ ಜನ ತಂದು ಅರ್ಪಿಸಿದ ಕಾಯಿಪಲ್ಯೆ, ಹಣ್ಣು, ಕೋಳಿಗಳನ್ನು ಆರಾಧನೆಯಾದ ಮೇಲೆ ಲಿಲಾವು ಹಾಕುತ್ತೇವೆ. ಬಂದ ಹಣ ಸಭೆಗೆ. ನಗು, ಗದ್ದಲ, ಪೈಪೋಟಿ ಎಲ್ಲ ಅಲ್ಲಿಯೇ. ಒಂದು ದೊಡ್ಡ ಕುಂಬಳಕಾಯಿಗೆ ಅವನು ನಮ್ಮ ಖಜಾಂಚಿಗಳ ಮೇಲೆ ಪಣಕಟ್ಟಿದವನ ಹಾಗೆ ಕೂಗುತ್ತ ನಾಲ್ಕುನೂರು ರೂಪಾಯಿಗೆ ಏರಿಸಿ ಗೆದ್ದ. ಹೆಂಗಸರ ಕಡೆಯಿಂದ ಅವನ ಅವ್ವ ಕೂಗಿದರು: "ಹುಚ್ಚಪ್ಯಾಲಿ, ಅಷ್ಟ ಕುಂಬಳಕಾಯಿ ಮನ್ಯಾಗ ಯಾರು ತಿಂತಾರೋ?"

ಪ್ರಾರ್ಥನೆ ಬರುತ್ತಿದೆಯೇ ಎಂದು ನಾನು ಕೇಳಲಿಲ್ಲ. ಸಂಜೆ ಸ್ಟೇಶನ್ನಿನಲ್ಲಿ ಕಂಡಾಗ ಕುಂಬಳಕಾಯಿ ಅವನ ಹೆಗಲ ಮೇಲಿತ್ತು. ಅವ್ವನ ಚೀಲವನ್ನೂ ಅವನೇ ಹಿಡಿದಿದ್ದ.