ಭೂತಾನದ ಜಲವಿದ್ಯುತ್ತೂ ಭಾರತದ ಬಂಡವಾಳವೂ

ದೆಹಲಿಯ ಹೊರವಲಯದ ಮಂಡೋಲದಲ್ಲಿ ಒಂದು ದೊಡ್ಡ ವಿದ್ಯುತ್ ಉಪಕೇಂದ್ರವಿದೆ. ಉತ್ತರ ಬಂಗಾಳದ ಸಿಲಿಗುರಿಯ ಕಡೆಯಿಂದ ಸುಮಾರು 1,150 ಕಿಲೋಮೀಟರ್ ದೂರವನ್ನು ಕ್ರಮಿಸಿ ಬರುವ ತಂತಿಮಾರ್ಗವೊಂದು ಅಲ್ಲಿಗೆ ಮುಟ್ಟುತ್ತದೆ. ಭೂತಾನದ ತಾಲಾ ವಿದ್ಯುದಾಗಾರದ ಉತ್ಪನ್ನವನ್ನು ಉತ್ತರ ಭಾರತಕ್ಕೆ ತಲುಪಿಸುವುದಕ್ಕೆಂದೇ ಈ ಮಾರ್ಗವನ್ನು 2006ರಲ್ಲಿ ಮುಗಿಸಲಾಯಿತು. ವಿದ್ಯುತ್ತು ಒಮ್ಮೆ ಜಾಲವನ್ನು ಸೇರಿದ ಮೇಲೆ ಇದು ಇಂಥ ನದಿಯದೆಂದು ಬೇರ್ಪಡಿಸಿ ಹೇಳುವಂತಿಲ್ಲ. ಆದರೂ ಮಳೆಗಾಲದ ರಾತ್ರಿ ಈ ನಗರದ ನಮ್ಮ ಮನೆಗಳಲ್ಲಿ ತಿರುಗುವ ಪಂಖಗಳಲ್ಲಿ ವಾಂಗ್‌ಛು ನದಿಗೂ ಒಂದು ಪಾಲಿದೆಯೆಂದರೆ ತಪ್ಪಾಗಲಾರದು. ನೆರೆಯ ರಾಷ್ಟ್ರಗಳ ಸಹಕಾರವೆಂಬ ಮಾತು ಸಭೆಗಳಲ್ಲಿ ಬಹಳವಾಗಿ ಕೇಳಿಬರುತ್ತದೆ. ಆ ಸಹಕಾರ ಯಾವ ಕರಾರಿನ ಮೇಲೆ ನಿಂತಿದೆಯೆಂಬ ವಿಚಾರ ಮಾತ್ರ ಅಪೂರ್ವ. ಸಾಲದ ಕಾಗದಪತ್ರಗಳ ನಡುವೆ ಆಯುಷ್ಯವನ್ನು ಕಳೆಯುತ್ತಿರುವ ನನ್ನಂಥವನಿಗೆ ಈ ಎರಡನೆಯದೇ ಹೆಚ್ಚು ಕುತೂಹಲದ ವಿಷಯವಾಗಿ ಕಾಣುತ್ತದೆ.

1958ರಲ್ಲಿ ಪಂಡಿತ ನೆಹರೂ ಅವರು ಭೂತಾನಕ್ಕೆ ಹೋದಾಗ ಆ ದೇಶಕ್ಕೆ ಮೋಟಾರು ರಸ್ತೆಯಿರಲಿಲ್ಲ. ನಾಥೂ ಕಣಿವೆಯನ್ನು ದಾಟಿ, ಟಿಬೆಟ್ಟಿನ ಚುಂಬಿ ಪ್ರದೇಶವನ್ನು ಹಾದು, ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಪ್ರಯಾಣ ಮಾಡಬೇಕಾಯಿತು. 1961ರಲ್ಲಿ ಆರಂಭವಾದ ಭೂತಾನದ ಮೊದಲನೆಯ ಪಂಚವಾರ್ಷಿಕ ಯೋಜನೆಯ ವೆಚ್ಚವನ್ನು ಭಾರತವೇ ವಹಿಸಿಕೊಂಡಿತು. ಅದೇ ವರ್ಷ ಜಲಢಾಕಾ ನದಿಯ ಕುರಿತು ಆದ ಒಪ್ಪಂದ ವಿದ್ಯುತ್ತಿನ ಸಂಬಂಧದ ಮೊದಲ ಹೆಜ್ಜೆ. ಅದು ಚಿಕ್ಕದು. ನಿಜವಾದ ಆರಂಭ 1974ರ ಚುಖಾ ಒಪ್ಪಂದದಿಂದ.

ಚುಖಾ ಯೋಜನೆಯ ಸಾಮರ್ಥ್ಯ 336 ಮೆಗಾವಾಟ್. 1986ರಿಂದ 1988ರವರೆಗೆ ಅದರ ಯಂತ್ರಗಳು ಒಂದೊಂದಾಗಿ ಕೆಲಸಕ್ಕೆ ತೊಡಗಿದುವು. ವೆಚ್ಚದಲ್ಲಿ ನೂರಕ್ಕೆ ಅರವತ್ತು ಭಾಗ ಭಾರತದ ಅನುದಾನ. ಉಳಿದ ನಲವತ್ತು ಶೇಕಡ 5ರ ಬಡ್ಡಿಯ ಸಾಲ. ಭೂತಾನ ಬಳಸಿ ಉಳಿದ ವಿದ್ಯುತ್ತನ್ನು ಭಾರತವೇ ಕೊಳ್ಳುವುದೆಂದು ನಿಶ್ಚಯವಾಯಿತು. ಈ ಕರಾರಿನ ಜಾಣ್ಮೆಯನ್ನು ವಾಚಕರು ಗಮನಿಸಬೇಕು. ಬಂಡವಾಳವಿಲ್ಲದ ಸಣ್ಣ ರಾಷ್ಟ್ರಕ್ಕೆ ಬಂಡವಾಳವೂ ದೊರೆಯಿತು, ಗಿರಾಕಿಯೂ ದೊರೆತ; ನಷ್ಟದ ಭಯದ ಬಹುಪಾಲನ್ನು ದೊಡ್ಡ ರಾಷ್ಟ್ರ ತಾನೇ ಹೊತ್ತುಕೊಂಡಿತು. ಸಾಲಗಾರನ ಕೈಗೆ ಹಣ ಬರುವುದೂ ಸಾಲ ಕೊಟ್ಟವನ ಕೈಯಿಂದಲೇ ಆದಾಗ ವಸೂಲಿಯ ಚಿಂತೆಯಿಲ್ಲ. ಚುಖಾ ಕೆಲವೇ ವರ್ಷಗಳಲ್ಲಿ ಭೂತಾನದ ಸರ್ಕಾರಿ ವರಮಾನದ ಅತಿ ದೊಡ್ಡ ಆಸರೆಯಾಯಿತು. ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಹಣ ಹರಿದುದು ಅಲ್ಲಿಂದಲೇ.

ಅದೇ ನದಿಯಲ್ಲಿ ಚುಖಾದ ಕೆಳಗೆ ತಾಲಾ ಇದೆ. ಮೇಲಿನ ಆಗಾರದಿಂದ ಹೊರಬಿದ್ದ ನೀರೇ ಸುಮಾರು 23 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಹರಿದು, ಮತ್ತೊಮ್ಮೆ ಕೆಳಗೆ ಧುಮುಕಿ 1,020 ಮೆಗಾವಾಟ್ ಶಕ್ತಿಯನ್ನು ಕೊಡುತ್ತದೆ. ಇಲ್ಲಿ ನಮ್ಮ ಲಿಂಗನಮಕ್ಕಿಯಂಥ ವಿಶಾಲವಾದ ಜಲಾಶಯವಿಲ್ಲ. ಶರಾವತಿಯ ಮಳೆಗಾಲದ ನೀರನ್ನು ಬೇಸಗೆಗೆಂದು ಕೂಡಿಡುವಂತೆ ವಾಂಗ್‌ಛುವಿನ ನೀರನ್ನು ಕೂಡಿಡುವುದಿಲ್ಲ. ನದಿ ಹರಿದಂತೆ ಯಂತ್ರ ತಿರುಗಬೇಕು. ಮಳೆಗಾಲದಲ್ಲಿ ಭೂತಾನ ಭಾರತಕ್ಕೆ ವಿದ್ಯುತ್ತನ್ನು ಮಾರುತ್ತದೆ. ಚಳಿಗಾಲದಲ್ಲಿ ನದಿ ಬಡವಾದಾಗ ಭಾರತದಿಂದ ಕೊಳ್ಳುತ್ತದೆ. ಅಷ್ಟೊಂದು ಜಲಶಕ್ತಿಯಿರುವ ದೇಶ ಜನವರಿಯಲ್ಲಿ ನಮ್ಮ ಕಲ್ಲಿದ್ದಲಿನ ವಿದ್ಯುತ್ತನ್ನು ತರಿಸಿಕೊಳ್ಳುವುದು ವಿಚಿತ್ರವಾಗಿ ತೋರಬಹುದು, ಆದರೆ ನೆರೆಹೊರೆಯೆಂಬುದರ ಅರ್ಥವೇ ಅದು.

ಉದ್ಯಮ ಹಾಗೂ ಗಣಿಗಳ ಕಥೆಯೂ ಇದರೊಡನೆ ಹೆಣೆದುಕೊಂಡಿದೆ. ಗಡಿಯ ಫುಂಟ್‌ಶೋಲಿಂಗಿನ ಬಳಿಯ ಪಸಾಖಾದಲ್ಲಿ ಫೆರೋಸಿಲಿಕಾನ್ ತಯಾರಿಸುವ ಕುಲುಮೆಗಳಿವೆ. ಬೆಣಚುಕಲ್ಲು, ಕಬ್ಬಿಣ, ಇದ್ದಿಲುಗಳನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಪಡೆಯುವ ಈ ಮಿಶ್ರಲೋಹ ಉಕ್ಕಿನ ಕಾರ್ಖಾನೆಗಳಿಗೆ ಬೇಕು. ಇದ್ದಿಲು ಭಾರತದಿಂದ ಹೋಗುತ್ತದೆ, ಲೋಹ ಭಾರತಕ್ಕೆ ಬರುತ್ತದೆ. ಇದರ ತಯಾರಿಕೆಗೆ ತಗಲುವ ವಿದ್ಯುತ್ತು ಎಷ್ಟು ಅಪಾರವೆಂದರೆ, ಫೆರೋಸಿಲಿಕಾನನ್ನು ಘನೀಭವಿಸಿದ ವಿದ್ಯುತ್ತೆಂದೇ ಕರೆಯಬಹುದು. ಸಂತ್ಸೆಯ ಡಾಲೊಮೈಟು, ಪೆಮಾಗಾತ್ಶೆಲಿನ ಜಿಪ್ಸಮ್ ಸಹ ಲಾರಿಗಳಲ್ಲಿ ಇತ್ತ ಇಳಿಯುತ್ತವೆ. ಈಚೆಗೆ ಭೂತಾನ ಬಿಟ್‌ಕಾಯಿನ್ ಎಂಬ ಅಗೋಚರ ನಾಣ್ಯದ ‘ಗಣಿಗಾರಿಕೆ’ಗೂ ನದಿಯ ಶಕ್ತಿಯನ್ನು ತಿರುಗಿಸಿದೆ, ಅದು ಗಣಿಯೋ ಜೂಜೋ ಎಂಬುದನ್ನು ನಾನು ತೀರ್ಮಾನಿಸಲಾರೆ.

ಇನ್ನು ಲೆಕ್ಕದ ಮಾತು. ತಾಲಾಕ್ಕೂ ಅರವತ್ತು-ನಲವತ್ತರ ಪ್ರಮಾಣವೇ ಉಳಿಯಿತು, ಬಡ್ಡಿ ಮಾತ್ರ ಶೇಕಡ 9ಕ್ಕೆ ಏರಿತು. 2008ರಲ್ಲಿ ತೊಡಗಿದ 1,200 ಮೆಗಾವಾಟಿನ ಮೊದಲನೆಯ ಪುನಾತ್ಸಾಂಗ್‌ಛು ಯೋಜನೆಗೆ ಅನುದಾನ ನಲವತ್ತಕ್ಕೆ ಇಳಿದು ಸಾಲ ಅರವತ್ತಾಯಿತು. 1,020 ಮೆಗಾವಾಟಿನ ಎರಡನೆಯ ಪುನಾತ್ಸಾಂಗ್‌ಛುವಿಗೂ 720 ಮೆಗಾವಾಟಿನ ಮಾಂಗ್ದೆಛುವಿಗೂ ಅನುದಾನ ಮೂವತ್ತೇ, ಸಾಲ ಎಪ್ಪತ್ತು, ಬಡ್ಡಿ ಶೇಕಡ 10. ಅಂಕಿಗಳು ಸದ್ದಿಲ್ಲದೆ ತಲೆಕೆಳಗಾದುವು. 2009ರಲ್ಲಿ ಉಭಯ ಸರ್ಕಾರಗಳು 2020ರ ವೇಳೆಗೆ 10,000 ಮೆಗಾವಾಟನ್ನು ಸಾಧಿಸುವುದಾಗಿ ಸಂಕಲ್ಪಿಸಿದ್ದುವು; ಅದರ ಸಮೀಪಕ್ಕೂ ಹೋಗಲಾಗಲಿಲ್ಲ.

ಸಾಲ ಹೆಚ್ಚಾದುದರಲ್ಲಿಯೇ ದೋಷವಿಲ್ಲ. ಸಕಾಲದಲ್ಲಿ ಮುಗಿದ ಕಾಮಗಾರಿ ತನ್ನ ಸಾಲವನ್ನು ತಾನೇ ತೀರಿಸೀತು. 2019ರಲ್ಲಿ ಉದ್ಘಾಟನೆಯಾದ ಮಾಂಗ್ದೆಛು ಯೂನಿಟ್ಟಿಗೆ 4 ರೂಪಾಯಿ 12 ಪೈಸೆಯಂತೆ ಮಾರಿ ಆ ದಾರಿಯಲ್ಲಿ ನಡೆದಿದೆ. ತೊಂದರೆಯಿರುವುದು ವಿಳಂಬದಲ್ಲಿ. 2013ರ ಜುಲೈಯಲ್ಲಿ ಮೊದಲನೆಯ ಪುನಾತ್ಸಾಂಗ್‌ಛು ಅಣೆಕಟ್ಟಿನ ಸ್ಥಳದಲ್ಲಿ ಬಲದಂಡೆಯ ಗುಡ್ಡ ಜಾರಿತು. ಸುಮಾರು 3,500 ಕೋಟಿ ರೂಪಾಯಿಗಳ ಅಂದಾಜು 9,300 ಕೋಟಿಯನ್ನೂ ಮೀರಿತು. ಗುಡ್ಡ ಜಾರಿದರೂ ಬಡ್ಡಿ ನಿಲ್ಲುವುದಿಲ್ಲ. ಶೇಕಡ 10ರಂತೆ ಸರಳಬಡ್ಡಿಯನ್ನೇ ಹಿಡಿದರೂ ಹತ್ತು ವರ್ಷ ಸುಮ್ಮನೆ ಕುಳಿತ ನೂರು ರೂಪಾಯಿ ಇನ್ನೂರಾಗಿರುತ್ತದೆ, ಒಂದು ಯೂನಿಟ್ಟೂ ಹುಟ್ಟದೆಯೆ. ಭೂತಾನದ ವಿದೇಶೀ ಸಾಲ ಅದರ ವಾರ್ಷಿಕ ರಾಷ್ಟ್ರೀಯ ಉತ್ಪನ್ನವನ್ನೂ ದಾಟಿಹೋಗಿದ್ದಕ್ಕೆ ಮುಖ್ಯ ಕಾರಣ ಈ ಜಲವಿದ್ಯುತ್ ಸಾಲಗಳೇ.

ಖರ್ಚಾದಷ್ಟನ್ನೂ ದರದಲ್ಲಿ ಸೇರಿಸಿ ಭಾರತ ಕೊಡುತ್ತದೆಯಲ್ಲವೇ ಎಂದು ಕೆಲವರು ಕೇಳಬಹುದು. ದರವನ್ನು ವೆಚ್ಚದ ಆಧಾರದ ಮೇಲೆಯೇ ಕಟ್ಟುವುದು ನಿಜ. ಆದರೆ 2017ರಲ್ಲಿ ರಾಜಸ್ಥಾನದ ಭಾದ್ಲಾದಲ್ಲಿ ಸೌರವಿದ್ಯುತ್ತು ಯೂನಿಟ್ಟಿಗೆ 2 ರೂಪಾಯಿ 44 ಪೈಸೆಗೆ ಹರಾಜಿನಲ್ಲಿ ನಿಂತಿತು. ಅಂದಿನಿಂದ ದುಬಾರಿಯ ಜಲವಿದ್ಯುತ್ತನ್ನು ಹಗಲು ಹೊತ್ತಿನಲ್ಲಿ ಮಾರುವುದು ಸುಲಭವಲ್ಲ. ಸೂರ್ಯ ಮುಳುಗಿದ ಮೇಲೆ ನೀರಿಗೆ ಬೆಲೆಯುಂಟು. ಆ ಸಂಜೆಯ ಬೆಲೆಯನ್ನು ಒಪ್ಪಂದಗಳಲ್ಲಿ ಪ್ರತ್ಯೇಕವಾಗಿ ಗಣಿಸಬೇಕೆಂದು ನನ್ನ ಅಭಿಪ್ರಾಯ.

ಇನ್ನೊಂದು ಪ್ರಸಂಗವನ್ನು ಬ್ಯಾಂಕಿನವನಾದ ನಾನು ಬಿಡಲಾರೆ. ಭೂತಾನದ ನಾಣ್ಯವಾದ ನ್ಗುಲ್ಟ್ರಮ್ 1974ರಿಂದಲೂ ನಮ್ಮ ರೂಪಾಯಿಗೆ ಸರಿಸಮ. ಯೋಜನೆಗಳ ಹಣ ಒಮ್ಮೆಲೇ ದೇಶದೊಳಗೆ ಹರಿದಾಗ ಸಂಬಳ, ಗುತ್ತಿಗೆ, ಕಟ್ಟಡ, ಕಾರುಗಳು ಹೆಚ್ಚಿದುವು. ಇವುಗಳಿಗೆ ಬೇಕಾದ ಸಾಮಾನೆಲ್ಲ ಬಂದುದು ಭಾರತದಿಂದ, ರೂಪಾಯಿ ಕೊಟ್ಟು. 2011ರ ಕೊನೆಗೆ ಥಿಂಫುವಿನ ಕೇಂದ್ರ ಬ್ಯಾಂಕು ಓವರ್‌ಡ್ರಾಫ್ಟನ್ನು ತೀರಿಸಲು ಡಾಲರುಗಳನ್ನು ಮಾರಿ ರೂಪಾಯಿಗಳನ್ನು ಕೊಂಡಿತು. 2012ರಲ್ಲಿ ವಾಹನ ಮತ್ತು ಮನೆಗಳ ಸಾಲಕ್ಕೆ ತಡೆ ಬಿದ್ದಿತು. ರೂಪಾಯಿಯನ್ನು ಗಳಿಸಲೆಂದು ಕಟ್ಟಿದ ಅಣೆಕಟ್ಟುಗಳೇ ಕಟ್ಟುವ ಕಾಲದಲ್ಲಿ ರೂಪಾಯಿಯ ಬರವನ್ನು ತಂದುವು. ಇದು ಯಾರ ದುರುದ್ದೇಶದಿಂದಲೂ ಆದುದಲ್ಲ. ಚಿಕ್ಕ ಕೆರೆಗೆ ದೊಡ್ಡ ತೂಬು ಇಟ್ಟರೆ ಆಗುವುದು ಹೀಗೆಯೇ.

ನೇಪಾಳದ ಅನುಭವ ಬೇರೆ ತೆರನಾದುದು. ಕೋಸಿ (1954), ಗಂಡಕ (1959) ಒಪ್ಪಂದಗಳಲ್ಲಿ ತಮಗೆ ಅನ್ಯಾಯವಾಯಿತೆಂಬ ಭಾವನೆ ಅಲ್ಲಿ ಆಳವಾಗಿ ಬೇರೂರಿದೆ. 1996ರ ಮಹಾಕಾಳಿ ಒಡಂಬಡಿಕೆಯ ಪಂಚೇಶ್ವರ ಅಣೆಕಟ್ಟು ಇನ್ನೂ ಕಾಗದದ ಮೇಲೆಯೇ ಇದೆ. ಆದರೆ 2014ರ ವಿದ್ಯುತ್ ವ್ಯಾಪಾರದ ಒಪ್ಪಂದದ ಮೇಲೆ ಕೊಡುಕೊಳ್ಳುವಿಕೆ ಬೆಳೆಯಿತು. 2024ರ ನವೆಂಬರಿನಲ್ಲಿ ನೇಪಾಳದ 40 ಮೆಗಾವಾಟ್ ವಿದ್ಯುತ್ತು ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶವನ್ನು ಮೊದಲ ಬಾರಿಗೆ ತಲುಪಿತು. ಅಂಕಿ ಅಲ್ಪವಾದರೂ ಮಾರುವವನಿಗೆ ಎರಡನೆಯ ಗಿರಾಕಿ ದೊರೆತುದು ಅಲ್ಪವಲ್ಲ. ಭೂತಾನಕ್ಕೆ ಇಂದಿಗೂ ಇಲ್ಲದಿರುವುದು ಅದೇ.

ಸಹಕಾರದ ರೂಪವೂ ಈಗ ಬದಲಾಗುತ್ತಿದೆ. 600 ಮೆಗಾವಾಟಿನ ಖೊರ್ಲೊಛುವಿನಲ್ಲಿ ಟಾಟಾ ಪವರ್ ಸಂಸ್ಥೆ ನೂರಕ್ಕೆ ನಲವತ್ತು ಪಾಲನ್ನು ಪಡೆದಿದೆ. 2025ರ ನವೆಂಬರಿನಲ್ಲಿ ಭಾರತದ ಪ್ರಧಾನಿಯವರ ಭೇಟಿಯ ಸಮಯದಲ್ಲಿ ಎರಡನೆಯ ಪುನಾತ್ಸಾಂಗ್‌ಛು ಉದ್ಘಾಟನೆಯಾಯಿತು. ಶಕ್ತಿ ಯೋಜನೆಗಳಿಗಾಗಿ 4,000 ಕೋಟಿ ರೂಪಾಯಿಗಳ ರಿಯಾಯಿತಿ ಸಾಲವೂ ಘೋಷಿತವಾಯಿತು. ಗುಡ್ಡ ಜಾರಿದ ಮೊದಲನೆಯ ಪುನಾತ್ಸಾಂಗ್‌ಛುವಿನ ಮುಖ್ಯ ಅಣೆಕಟ್ಟಿನ ಕೆಲಸವನ್ನು ಮತ್ತೆ ಕೈಗೊಳ್ಳುವುದೆಂದೂ ನಿಶ್ಚಯವಾಗಿದೆ. ಅಣೆಕಟ್ಟನ್ನು ಇಂಜಿನಿಯರುಗಳು ಎಬ್ಬಿಸಿಯಾರು. 2013ರಿಂದ ಬೆಳೆದ ಬಡ್ಡಿಯಲ್ಲಿ ಥಿಂಫು ಎಷ್ಟು, ದೆಹಲಿ ಎಷ್ಟು ಹೊರಬೇಕೆಂಬುದನ್ನು ಮುಂದಿನ ದರದ ಕರಾರು ಬರೆಯುವವರು ತೀರ್ಮಾನಿಸಬೇಕಾಗಿದೆ.