ಉಪ್ಪಿನ ಭರಣಿಯೂ ಮಗುವಿನ ಮೂಗೂ

ಮುಂಗಾರು ಹಿಡಿದು ಹದಿನೈದು ದಿನ ಕಳೆಯುವುದರೊಳಗೆ ಕೊಡಗಿನ ಮನೆಗಳಲ್ಲಿ ಎರಡು ಸಂಗತಿಗಳು ಜೊತೆಯಾಗಿ ಕಾಣಿಸಿಕೊಳ್ಳುವುವು: ಅಡುಗೆಮನೆಯ ಭರಣಿಯಲ್ಲಿ ಉಪ್ಪು ನೀರೊಡೆಯುವುದು; ಬೆಳಗ್ಗೆ ಹಾಸಿಗೆಯಿಂದೇಳುತ್ತಲೇ ಮಗುವೊಂದು ಹತ್ತು ಹದಿನೈದು ಸಲ ಬಿಡದೆ ಸೀನುವುದು. ಮೊದಲನೆಯದು ಗಾಳಿಯ ತೇವದಿಂದ, ಎರಡನೆಯದು ಮಳೆಯ ಶೀತದಿಂದ ಎಂದು ನಾವು ಬೇರೆಬೇರೆಯಾಗಿ ಎಣಿಸುತ್ತೇವೆ. ಅನೇಕ ಮಕ್ಕಳಲ್ಲಿ ಎರಡಕ್ಕೂ ಮೂಲ ಒಂದೇ.

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಸೃಷ್ಟಿಸಿದನು. ನಿರಪಾಯಕರವಾದ ವಸ್ತುವನ್ನು ಶರೀರವು ವೈರಿಯೆಂದು ಭ್ರಮಿಸುವುದೇ ಅದರ ಸಾರ. ಆದರೆ ಮೊದಲ ಭೇಟಿಯಲ್ಲಿಯೇ ಸೀನು ಬಾರದು. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುವ ಪರಿಚಯದಲ್ಲಿ ಶರೀರವು ಆ ವಸ್ತುವಿಗೆಂದೇ ಐಜಿಇ ಎಂಬ ಪ್ರತಿಕಾಯವನ್ನು ನಿರ್ಮಿಸಿ, ಮೂಗಿನ ಒಳಪೊರೆಯ ಮಾಸ್ಟ್ ಕೋಶಗಳ ಮೇಲೆ ಅದನ್ನು ಕಾವಲಿಗಿರಿಸುತ್ತದೆ. ಅನಂತರದ ಭೇಟಿಯಲ್ಲಿ ಆ ಕೋಶಗಳು ಹಿಸ್ಟಮಿನ್ ಕಾರಿದಾಗ ತುರಿಕೆ, ಸೀನು, ತಿಳಿನೀರು, ಕೆಲವು ಗಂಟೆಗಳ ಮೇಲೆ ಮೂಗು ಕಟ್ಟುವುದು. “ಇಷ್ಟು ವರ್ಷ ಇಲ್ಲದ್ದು ಈಗೇಕೆ ಬಂತು?” ಎಂದು ಕೇಳುವ ತಾಯಂದಿರಿಗೆ ಉತ್ತರ ಇದೇ.

ಇನ್ನು ಉಪ್ಪಿನ ವಿಷಯ. ನಮ್ಮ ದಿಂಬು ಕಂಬಳಿಗಳಲ್ಲಿ, ನಮ್ಮ ಚರ್ಮದಿಂದ ಉದುರಿದ ಹೊಟ್ಟನ್ನೇ ತಿಂದು, ಒಂದು ಮಿಲಿಮೀಟರಿನ ಮೂರನೆಯ ಒಂದಂಶದಷ್ಟು ಗಾತ್ರದ ಧೂಳಿನ ನುಸಿಯು ಬದುಕುತ್ತದೆ. ಮನೆಯ ಧೂಳಿನ ಅಲರ್ಜಿಗೆ ಮುಖ್ಯ ಕಾರಣ ಇದೆಂಬುದನ್ನು 1964ರಲ್ಲಿ ಹಾಲೆಂಡಿನ ಲೈಡನ್ನಿನ ವೋರ್‌ಹಾರ್ಸ್ಟ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಹಾಸಿಗೆಯಲ್ಲಿ ಕುಡಿಯಲು ನೀರೆಲ್ಲಿ? ಈ ಜೀವಿಯ ಮುಂಗಾಲುಗಳ ಬುಡದ ಗ್ರಂಥಿಗಳು ಉಪ್ಪಿನ ದ್ರವವನ್ನು ಸ್ರವಿಸುತ್ತವೆ; ಭರಣಿಯ ಉಪ್ಪಿನಂತೆಯೇ ಅದು ಗಾಳಿಯ ತೇವವನ್ನು ಹೀರಿ ನುಸಿಯ ಬಾಯಿಗೆ ಹರಿಯುತ್ತದೆ. ಗಾಳಿ ಒಣಗಿದರೆ ಉಪ್ಪು ಹರಳುಗಟ್ಟಿ ಗ್ರಂಥಿಯ ಬಾಯಿ ಮುಚ್ಚುವುದು, ಒಣಹವೆ ವಾರಗಟ್ಟಲೆ ಮುಂದುವರಿದರೆ ನುಸಿ ಬತ್ತಿ ಸಾಯುವುದು. ಎಷ್ಟು ಸಲ ವಿವರಿಸಿದರೂ ಈ ಯುಕ್ತಿಯ ವಿಷಯದಲ್ಲಿ ನನ್ನ ವಿಸ್ಮಯ ತೀರಿಲ್ಲ! ಸ್ವಿಟ್ಜರ್ಲೆಂಡಿನ ದಾವೋಸಿನ ಒಣ ಬೆಟ್ಟಗಾಳಿಯಲ್ಲಿ ನುಸಿ ಅಪರೂಪ. ಮಡಿಕೇರಿ ಸಾವಿರ ಮೀಟರಿಗೂ ಮೇಲಿದ್ದರೂ ಮಳೆಯ ತಿಂಗಳಾದ ಕಕ್ಕಡದ ಮಂಜು ಆ ಲಾಭವನ್ನು ನಮಗೆ ಕೊಡದು. ಮಗುವಿನ ಮೂಗನ್ನು ಕೆರಳಿಸುವುದು ಹೆಚ್ಚಾಗಿ ನುಸಿಯ ಹಿಕ್ಕೆಯಲ್ಲಿರುವ ಪ್ರೋಟೀನು. ಆದುದರಿಂದ ದಿಂಬಿನ ಚೀಲವನ್ನೂ ಹೊದಿಕೆಯನ್ನೂ ವಾರಕ್ಕೊಮ್ಮೆ ಕೈ ತಾಳದಷ್ಟು ಬಿಸಿನೀರಿನಲ್ಲಿ ಒಗೆದು ಪೂರ್ತಿಯಾಗಿ ಒಣಗಿಸುವುದು, ಮಗುವಿನ ಕಿವಿಗೆ ಮಫ್ಲರ್ ಸುತ್ತುವುದಕ್ಕಿಂತ ಉಪಯುಕ್ತ.

ಬೇಸಗೆಯಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಕಾಫಿಯ ಹೂವನ್ನು ದೂರುವವರುಂಟು. ರೊಬಸ್ಟಾದ ಪರಾಗ ಗಾಳಿಯಲ್ಲಿಯೂ ತೇಲುವುದು ನಿಜ. ಆದರೆ ಕೆಲವೇ ದಿನ ಅರಳಿ ಬಾಡುವ ಹೂವಿಗೆ ತಿಂಗಳುಗಟ್ಟಲೆಯ ಸೀನನ್ನು ಆರೋಪಿಸುವುದು ಅನ್ಯಾಯ.

ಒಂದೇ ಹಾಸಿಗೆಯಲ್ಲಿ ಮಲಗುವ ಅಣ್ಣ ಸೀನುವನು, ತಂಗಿ ಸೀನಳು. ತಂದೆ ತಾಯಿಗಳಲ್ಲಿ ಅಲರ್ಜಿ ಇದ್ದರೆ ಮಕ್ಕಳಲ್ಲಿ ಸಂಭವ ಹೆಚ್ಚು, ಆದರೆ ಆ ಒಲವು ಎಲ್ಲರ ಪಾಲಿಗೂ ಸಮನಾಗಿ ಬಾರದು. ಎಳೆತನದಲ್ಲಿ ಇಸುಬಿದ್ದ ಮಗುವಿಗೆ ಮುಂದೆ ಮೂಗಿನ ತೊಂದರೆ ಬರುವುದುಂಟು. ಮನೆಯೊಳಗಿನ ನುಸಿಗೆ ಮಗು ಬೇಗನೆ ಸ್ಪಂದಿಸಿದರೆ, ವರ್ಷಕ್ಕೊಮ್ಮೆ ಬರುವ ಪರಾಗಕ್ಕೆ ಸ್ಪಂದಿಸಲು ಹಲವು ಋತುಗಳು ಬೇಕು. ಬಾಲ್ಯದಲ್ಲಿ ಗಂಡುಮಕ್ಕಳಲ್ಲಿ ಅಧಿಕವಾಗಿರುವ ಈ ಬಾಧೆ ಹರೆಯದ ವೇಳೆಗೆ ಹೆಣ್ಣುಮಕ್ಕಳಲ್ಲಿಯೂ ಅಷ್ಟೇ ಆಗುತ್ತದೆ. ಮನೆಯಲ್ಲಿ ಸೀನದಿದ್ದ ಆ ತಂಗಿಯೇ ಓದಿಗೆಂದು ಬೆಂಗಳೂರು ಸೇರಿ, ಎರಡು ಮೂರು ವರ್ಷ ಪಾರ್ಥೇನಿಯಮ್ಮಿನ, ಅಂದರೆ ನಮ್ಮ ಜನರ ‘ಕಾಂಗ್ರೆಸ್ ಗಿಡ’ದ, ಪರಾಗ ಸೇವಿಸಿದ ಮೇಲೆ ಸೀನತೊಡಗಬಹುದು.

ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೊಂದು ಅಡ್ಡಗೆರೆ ಮೂಡಿರುವ, ಕಣ್ಣಿನ ಕೆಳಗೆ ಕಪ್ಪಾಗಿರುವ, ಬಾಯಿ ತೆರೆದು ಮಲಗುವ ಮಗುವನ್ನು ಕಂಡಾಗ ಜ್ವರವಿಲ್ಲವೆಂದು ಸುಮ್ಮನಿರದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನಮ್ಮ ಜಿಲ್ಲೆಯೊಳಗೇ ಮಳೆ ಜಡಿಯುವ ಭಾಗಮಂಡಲವೂ ಬಿಸಿಲಿನ ಕುಶಾಲನಗರವೂ ಇರುವಾಗ, ಇವೆರಡರ ನಡುವಿನ ಶಾಲೆಗಳ ಉಪಾಧ್ಯಾಯರು ಯಾವ ಮಗು ಯಾವ ತಿಂಗಳಲ್ಲಿ, ಮನೆಯಲ್ಲಿಯೋ ಬಯಲಿನಲ್ಲಿಯೋ ಸೀನಿತೆಂದು ಒಂದು ವರ್ಷ ಬರೆದಿಟ್ಟರೆ ಎಷ್ಟು ಅರಿಯಬಹುದು! ಆ ಪುಸ್ತಕವನ್ನು ಬರುವ ಜೂನಿನಲ್ಲಿಯೇ ಆರಂಭಿಸಬೇಕೆಂದು ಅವರಲ್ಲಿ ನನ್ನ ವಿನಂತಿ.