ಓದಿ ಕೇಳಲಾಗಿ ಸರಿಯಾಗಿದೆ

ಪೊಲೀಸು ಠಾಣೆಯಲ್ಲಿ ಬರೆದುಕೊಂಡ ದೂರಿನ ಕೊನೆಯಲ್ಲಿ, ಫಿರ್ಯಾದಿಯ ಸಹಿಗೋ ಹೆಬ್ಬೆಟ್ಟಿನ ಗುರುತಿಗೋ ಸ್ವಲ್ಪ ಮೇಲೆ, ‘ಓದಿ ಕೇಳಲಾಗಿ ಸರಿಯಾಗಿದೆ’ ಎಂಬರ್ಥದ ಒಂದು ವಾಕ್ಯವಿರುವುದನ್ನು ಕೋರ್ಟು ಕಾಗದಗಳ ಬಳಕೆಯುಳ್ಳವರು ಬಲ್ಲರು. ಪೂಜೆಯ ಕೊನೆಯ ಶಾಂತಿಮಂತ್ರದಂತೆ ಅಭ್ಯಾಸಬಲದಿಂದಲೇ ಬಂದು ನಿಲ್ಲುವ ಈ ವಾಕ್ಯವು, ಓದಿದವರು ಯಾರು, ಯಾವ ಭಾಷೆಯಲ್ಲಿ ತಿಳಿಸಿದರು, ಕೇಳಿದವನ ಕಿವಿಗೆ ಬಿದ್ದದ್ದರಲ್ಲಿ ಬುದ್ಧಿಗೆ ಇಳಿದದ್ದೆಷ್ಟು ಎಂಬುದೊಂದನ್ನೂ ಹೇಳುವುದಿಲ್ಲ. ಠಾಣೆ ಮತ್ತು ಭಾಷೆಗಳ ಸಂಬಂಧವಾಗಿ ನಮ್ಮ ಜನರಲ್ಲಿ ಬೇರುಬಿಟ್ಟಿರುವ ತಪ್ಪು ತಿಳಿವಳಿಕೆಗಳು ಬಹುಮಟ್ಟಿಗೆ ಈ ಮೌನದ ನೆರಳಿನಲ್ಲಿಯೇ ಬೆಳೆದವು.

ಕೋಲಾರ ಜಿಲ್ಲಾ ಪೊಲೀಸರ ಅಧೀನದಲ್ಲಿರುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳನ್ನು ನೋಡಿ (ಚಿನ್ನದ ಗಣಿಯ ಸೀಮೆಗೆ ಕೆ.ಜಿ.ಎಫ್. ಎಂಬ ಬೇರೊಂದು ಪೊಲೀಸು ಜಿಲ್ಲೆಯೇ ಉಂಟು). ಇಲ್ಲಿ ಕಡತದ ಭಾಷೆ ಕನ್ನಡ, ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ಅನೇಕರ ಮನೆಮಾತು ತೆಲುಗು, ಪೇಟೆಬೀದಿಗಳಲ್ಲಿ ಉರ್ದು, ಹೊಸೂರಿನ ಕಡೆಗೆ ಮುಖಮಾಡಿದ ಮಾಲೂರಿನ ಅಂಚಿನಲ್ಲಿ ತಮಿಳು. ಇದೇ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳಾಗಿದ್ದರೂ, ಕನ್ನಡದ ಸಣ್ಣಕತೆಗೆ ಅವರೇ ಹಿರಿಯರಾದರು. ಆದುದರಿಂದ ಭಾಷೆ ಬಾರದವನು ಠಾಣೆಗೆ ಬರುವುದು ಹೊಸ ಕಾಲದ ಉಪದ್ರವವೆಂದು ಹೇಳುವವರು ತಮ್ಮ ಜಿಲ್ಲೆಯನ್ನೇ ಅರಿಯರು.

ದೂರನ್ನು ಕನ್ನಡದಲ್ಲಿ ಬರೆದು ತಂದಲ್ಲದೆ ಠಾಣೆಯಲ್ಲಿ ಸ್ವೀಕರಿಸಲಾಗದೆಂಬ ಮಾತು ಎಲ್ಲಕ್ಕಿಂತ ಬಲವಾಗಿ ಹಬ್ಬಿದ ನಂಬಿಕೆ. ಅರ್ಜಿ ಬರೆಯುವವರ ಜೀವನೋಪಾಯಕ್ಕೂ ಅದು ಒತ್ತಾಸೆಯಾಗಿದೆ. ಆದರೆ ಕಾನೂನು, ದೂರನ್ನು ಬರೆದು ತರಬೇಕೆಂದೇ ಹೇಳುವುದಿಲ್ಲ. ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧದ ಸುದ್ದಿಯನ್ನು ಬಾಯಿಮಾತಿನಲ್ಲಿ ಹೇಳಿದರೂ, ಠಾಣಾಧಿಕಾರಿಯು ಅದನ್ನು ಬರಹಕ್ಕೆ ಇಳಿಸಿಕೊಂಡು, ಹೇಳಿದವನಿಗೆ ಓದಿ ತಿಳಿಸಿ, ಅವನ ಸಹಿ ಪಡೆಯತಕ್ಕದ್ದೆಂದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 154ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಅದನ್ನೇ ಮುಂದುವರಿಸಿದೆ. ಅಂತಹ ಸುದ್ದಿ ಬಂದಾಗ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿಯೇ ತೀರ್ಮಾನಿಸಿತು. ಇವೆಲ್ಲಕ್ಕೂ ಮೊದಲೇ, ಕುಂದುಕೊರತೆಯ ಅರ್ಜಿಯನ್ನು ರಾಜ್ಯದ ಯಾವ ಅಧಿಕಾರಿಗಾದರೂ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ಅನುಚ್ಛೇದವು ಎಲ್ಲರಿಗೂ ಹಕ್ಕು ಕೊಟ್ಟಿತ್ತು. ಠಾಣೆಯವರು ಕನ್ನಡದಲ್ಲಿ ಬರೆದುಕೊಳ್ಳುವುದು ನ್ಯಾಯವೇ. ದೂರುಗಾರನು ಕನ್ನಡದಲ್ಲಿಯೇ ಅಳಬೇಕೆಂದರೆ ಮಾತ್ರ ನ್ಯಾಯವಲ್ಲ.

ಗಡಿಯ ಠಾಣೆಗಳಲ್ಲಿ ಕೇಳಿಬರುವ ‘ಇದು ನಮ್ಮ ಸರಹದ್ದಲ್ಲ’ ಎಂಬ ಉತ್ತರದ ಗತಿಯೂ ಅಷ್ಟೆ. ನಂಗಲಿಯವನೊಬ್ಬನನ್ನು ಆಂಧ್ರದ ನೆಲದಲ್ಲಿ ದೋಚಿದರೂ ಅವನ ದೂರನ್ನು ಇಲ್ಲಿ ದಾಖಲಿಸಿ ಅಲ್ಲಿಗೆ ಕಳುಹಿಸಬೇಕು. ಜನರು ಝೀರೋ ಎಫ್‌ಐಆರ್ ಎನ್ನುವುದು ಇದನ್ನೇ.

ನಿರಾಶ್ರಿತರ ವಿಷಯಕ್ಕೆ ಬಂದರೆ ಭ್ರಮೆಗಳು ಇನ್ನೂ ದಟ್ಟವಾಗುತ್ತವೆ. ಕರ್ನಾಟಕದಲ್ಲಿ ಅಂಥವರ ದೊಡ್ಡ ನೆಲೆಗಳೆಂದರೆ, 1960ರ ದಶಕದ ಆರಂಭದಲ್ಲಿ ಟಿಬೇಟಿಯನ್ನರು ನೆಲಸಿದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ, ಅನಂತರದ ಮುಂಡಗೋಡು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿಗೆ ಆಶ್ರಯವಾದ ಸಿಂಧನೂರು ಸೀಮೆಯ ಕ್ಯಾಂಪುಗಳು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲವಾದುದರಿಂದ ಅವರಿಗೆ ಕಾನೂನಿನ ರಕ್ಷಣೆಯೇ ಇಲ್ಲವೆಂದು ಓದಿದವರೂ ಹೇಳುವುದುಂಟು. ಸಹಿ ಹಾಕಿಲ್ಲವೆಂಬುದು ನಿಜ, ಅದರಿಂದ ಎಳೆದ ತೀರ್ಮಾನ ಸುಳ್ಳು. ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳು ‘ನಾಗರಿಕ’ ಎನ್ನದೆ ‘ವ್ಯಕ್ತಿ’ ಎಂದಿರುವುದು ಕೈತಪ್ಪಿನಿಂದಲ್ಲ. ಅರುಣಾಚಲದ ಚಕ್ಮಾ ಜನರ ಪ್ರಾಣವನ್ನು ರಕ್ಷಿಸುವುದು ರಾಜ್ಯದ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಇದೇ ಆಧಾರದ ಮೇಲೆ ಆದೇಶಿಸಿತು. ಬೈಲಕುಪ್ಪೆಯವರೆಲ್ಲರೂ ಪರದೇಶಿಗಳೆಂಬುದು ಕೂಡ ಪೂರ್ತಿ ಸತ್ಯವಲ್ಲ: 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಭಾರತದಲ್ಲಿ ಜನಿಸಿದ ಟಿಬೇಟಿಯನ್ನರು ಹುಟ್ಟಿನಿಂದಲೇ ಭಾರತದ ನಾಗರಿಕರೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿ ಒಪ್ಪಿದೆ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬಂದಿರುವವರು ನಿರಾಶ್ರಿತರಿಗಿಂತ ಹೆಚ್ಚಾಗಿ ಕೂಲಿಯವರು. ಮಾಲೂರಿನ ಇಟ್ಟಿಗೆ ಹೆಂಚುಗಳ ಗೂಡುಗಳಿಗೂ ನರಸಾಪುರ, ವೇಮಗಲ್ಲುಗಳ ಕಾರ್ಖಾನೆಗಳಿಗೂ ದೂರದ ರಾಜ್ಯಗಳಿಂದ ಬಂದ ಇವರ ಬಾಯಲ್ಲಿ ಬಂಗಾಳಿ ಕೇಳಿದೊಡನೆ ಬಾಂಗ್ಲಾದೇಶದವರೆಂದು ತೀರ್ಪುಕೊಡುವವರು ಬೀದಿಗೊಬ್ಬರಿದ್ದಾರೆ. ಬಂಗಾಳಿಯು ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆ. ಅಸ್ಸಾಮಿನ ಬರಾಕ್ ಕಣಿವೆಯಲ್ಲಿ ಅದು ಆಡಳಿತದ ಭಾಷೆ. ಮಾತಿನಿಂದ ಪೌರತ್ವವನ್ನು ನಿರ್ಣಯಿಸುವುದಾದರೆ ಮಾಲೂರಿನ ತಮಿಳನನ್ನು ಯಾವ ದೇಶಕ್ಕೆ ಕಳುಹಿಸಬೇಕೋ ತಿಳಿಯದು. ಉತ್ತರದಿಂದ ಬಂದವರೆಲ್ಲರಿಗೂ ಹಿಂದಿ ಬರುವುದೆಂಬ ಊಹೆ ಇದರ ತಮ್ಮ. ಒಡಿಶಾದ ಹಳ್ಳಿಯ ಹೆಂಗಸಿಗೆ ಠಾಣೆಯ ಹಿಂದಿಯೂ ಠಾಣೆಯ ಕನ್ನಡದಷ್ಟೇ ದೂರವಾಗಿರಬಹುದು.

ಹಾಗಾದರೆ ದುಭಾಷಿಯನ್ನು ಕರೆಸುವುದು ಠಾಣೆಯವರ ದಯೆಯೋ, ದೂರುಗಾರನ ಹಕ್ಕೋ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ವಿಚಾರಣೆ ನ್ಯಾಯಾಲಯಕ್ಕೆ ಬಂದಮೇಲೆ ದಾರಿ ಸ್ಪಷ್ಟವಾಗಿದೆ: ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಲೇಬೇಕು, ದುಭಾಷಿಯು ಸತ್ಯವಾಗಿ ಭಾಷಾಂತರಿಸಲು ಬದ್ಧನು. ಮಕ್ಕಳ ಮೇಲಣ ಲೈಂಗಿಕ ಅಪರಾಧಗಳ ವಿಷಯದಲ್ಲಿ 2012ರ ಪೋಕ್ಸೋ ಕಾಯಿದೆಯು, ಮಗುವಿಗೆ ತಿಳಿಯದ ಭಾಷೆಯಲ್ಲಿ ದೂರು ದಾಖಲಾಗುತ್ತಿದ್ದರೆ, ಸಂಭಾವನೆ ಕೊಟ್ಟು ಭಾಷಾಂತರಕಾರನನ್ನು ಒದಗಿಸತಕ್ಕದ್ದೆಂದು ಪೊಲೀಸರ ಹಂತದಲ್ಲಿಯೇ ವಿಧಿಸಿತು. ವಯಸ್ಕ ದೂರುಗಾರರೆಲ್ಲರಿಗೂ ಇಷ್ಟು ಬಿಡಿಸಿ ಬರೆದ ವಿಧಿಯಿಲ್ಲ. ಅವರ ಪಾಲಿಗೆ ಇರುವುದು ‘ಓದಿ ತಿಳಿಸಬೇಕು’ ಎಂಬ ಹಳೆಯ ಪದವೊಂದೇ. ಆ ಪದದ ತೂಕವೆಷ್ಟೆಂಬುದನ್ನು 1962ರ ಹರಿಕಿಷನ್ ಪ್ರಕರಣದಿಂದ ಊಹಿಸಬಹುದು. ಹಿಂದಿಯನ್ನಷ್ಟೇ ಬಲ್ಲ ಒಬ್ಬನನ್ನು ಬಂಧನದಲ್ಲಿಟ್ಟು, ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು, ಬಾಯಲ್ಲಿ ವಿವರಿಸಿದ್ದೇವೆಂದು ಸರ್ಕಾರ ಹೇಳಿದಾಗ, ಅದು ತಿಳಿಸಿದಂತಾಗಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಅವನನ್ನು ಬಿಡುಗಡೆ ಮಾಡಿತು. ಆ ತೀರ್ಪು ಮುನ್ನೆಚ್ಚರಿಕೆಯ ಬಂಧನಕ್ಕೆ ಸಂಬಂಧಪಟ್ಟದ್ದು, ದೂರಿಗಲ್ಲ. ಆದರೂ ತಿಳಿಯದ ಭಾಷೆಯಲ್ಲಿ ಓದಿದ್ದು ಓದಿದಂತಲ್ಲವೆಂಬ ನ್ಯಾಯವು ಠಾಣೆಯ ಮೇಜಿಗೆ ಬಂದಾಗ ಬದಲಾಗಲು ನನಗೆ ಕಾರಣ ಕಾಣುವುದಿಲ್ಲ.

ದುಭಾಷಿಯಿಲ್ಲದ ಕಡೆ ಆ ಕೆಲಸ ಮಾಡುವವನು, ಕೂಲಿಯವರನ್ನು ಕರೆತಂದ ಮೇಸ್ತ್ರಿ. ಕೂಲಿ ಬಾಕಿಯುಳಿಸಿಕೊಂಡವನೂ ಎಷ್ಟೋ ವೇಳೆ ಅವನೇ. ತನ್ನ ಮೇಲಿನ ದೂರನ್ನು ತಾನೇ ಭಾಷಾಂತರಿಸುವ ಭಾಗ್ಯ ಬೇರೆ ಯಾವ ಆರೋಪಿಗೂ ದೊರೆಯಲಾರದು.

ಪೊಲೀಸರು ಬರೆದುಕೊಂಡದ್ದಕ್ಕೆಲ್ಲ ಸಹಿ ಹಾಕಬೇಕೆಂಬ ಭಯವೂ ನಿರಾಧಾರ. ದೂರಿಗೆ ಸಹಿ ಬೇಕು. ತನಿಖೆಯಲ್ಲಿ ಸಾಕ್ಷಿಯು ಕೊಟ್ಟ ಹೇಳಿಕೆಗೆ ಅವನ ಸಹಿ ತೆಗೆದುಕೊಳ್ಳಕೂಡದೆಂದೇ ಕಾನೂನು ನಿಷೇಧಿಸಿದೆ. ದೂರಿನ ಒಂದು ಪ್ರತಿಯನ್ನಂತೂ ದುಡ್ಡಿಲ್ಲದೆ ಆ ಕೂಡಲೇ ಕೊಡಬೇಕು. ಆ ಪ್ರತಿಯನ್ನು ಮಡಿಸಿಕೊಂಡು ಹೊರಟ ಕೂಲಿಯವನು, ಯಾರಿಗೂ ತನ್ನನ್ನು ಮಾರಿಕೊಳ್ಳದ, ಎರಡೂ ಭಾಷೆ ಬಲ್ಲ ಒಬ್ಬನನ್ನು ಹುಡುಕಿ, ಬಸ್ ನಿಲ್ದಾಣದ ಚಹದಂಗಡಿಯ ಬೆಂಚಿನ ಮೇಲೆ ಕುಳಿತು ಅದನ್ನು ಓದಿಸಿ ಕೇಳಿದಾಗ, ತಾನು ಹೇಳಿದ್ದರಲ್ಲಿ ಕಾಗದಕ್ಕೆ ಬಂದದ್ದೆಷ್ಟೆಂಬುದು ಅವನಿಗೆ ಮೊದಲ ಬಾರಿ ತಿಳಿಯುತ್ತದೆ.